ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಏನು? – ಅಬೊರಿಜಿನಲ್ ಹೆಲ್ತ್ ವರ್ಕರ್‌ಗಳ ಜೊತೆ ನನ್ನ ಅನುಭವ

ನಾನು ಕರ್ನಾಟಕದಲ್ಲಿ ನರ್ಸಿಂಗ್ ಓದಿದವಳು. ಈಗ ಆಸ್ಟ್ರೇಲಿಯಾದ ನಡುಭಾಗದಲ್ಲಿ, ಆಲಿಸ್ ಸ್ಪ್ರಿಂಗ್ಸ್‌ನಿಂದ ದೂರದ ಹಳ್ಳಿ ಕ್ಲಿನಿಕ್‌ಗಳಲ್ಲಿ ಕೆಲಸ. ಅಲ್ಲಿನ ಅಬೊರಿಜಿನಲ್ (ಆಸ್ಟ್ರೇಲಿಯಾದ ಮೂಲನಿವಾಸಿ) ಹೆಲ್ತ್ ವರ್ಕರ್‌ಗಳಿಗೆ ಕ್ಲಿನಿಕ್‌ನಲ್ಲೇ ತರಬೇತಿ ಕೊಡುವುದು ನನ್ನ ಜವಾಬ್ದಾರಿ.

'ಅಂದ್ರೆ ನಮ್ಮ ಆಶಾ ಕಾರ್ಯಕರ್ತೆಯರ ಥರ ಅಲ್ವಾ?' ಅಂತ ಊರಿನವರು ಕೇಳುತ್ತಾರೆ. ಪೂರ್ತಿ ಹಾಗಲ್ಲ. ಸರ್ಟಿಫಿಕೇಟ್ 4 (ಇಲ್ಲಿನ ವೃತ್ತಿ ತರಬೇತಿಯ ಒಂದು ಹಂತ) ಮಟ್ಟದ ಪ್ರಾಕ್ಟೀಸ್ ಕೋರ್ಸ್ ಮುಗಿಸಿದವರು 'ಹೆಲ್ತ್ ಪ್ರಾಕ್ಟೀಷನರ್' ಆಗಿ ನೋಂದಣಿ ಮಾಡಿಸಬಹುದು. ಡಾಕ್ಟರು, ನರ್ಸುಗಳಿಗೆ ಇರುವಂತೆ ಇವರಿಗೂ 2012ರ ಜುಲೈನಿಂದ ರಾಷ್ಟ್ರೀಯ ಮಂಡಳಿಯಲ್ಲಿ ನೋಂದಣಿ ಇದೆ. ಆಲಿಸ್ ಸ್ಪ್ರಿಂಗ್ಸ್ ಇರುವ ನಾರ್ದರ್ನ್ ಟೆರಿಟರಿ ಪ್ರಾಂತ್ಯದಲ್ಲಂತೂ 1985ರಿಂದಲೇ ನೋಂದಣಿ ಇತ್ತು. ಇವರು ರೋಗಿಯನ್ನು ಪರೀಕ್ಷಿಸುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ, ನಿಯಮದ ಮಿತಿಯೊಳಗೆ ಔಷಧಿಯನ್ನೂ ಕೊಡುತ್ತಾರೆ.

ನಾನು ಕಲಿಸುತ್ತಿದ್ದವರಲ್ಲಿ ಒಬ್ಬರು ಮೊಮ್ಮಕ್ಕಳನ್ನು ಕಂಡವರು. ಇಂಗ್ಲಿಷ್ ಅವರಿಗೆ ಮೂರನೆಯ ಭಾಷೆ. ಡೋಸ್ ಲೆಕ್ಕದ ವರ್ಕ್‌ಶೀಟ್ ಮುಂದಿಟ್ಟರೆ ಪೆನ್ನು ಕೆಳಗಿಟ್ಟು ಸುಮ್ನೆ ಕೂರುತ್ತಿದ್ದರು. ಹಾಗಾಗಿ ಹಾಳೆ ಬಿಟ್ಟು ತೂಕದ ಯಂತ್ರ, ಪ್ಯಾರಾಸಿಟಮಾಲ್ ಬಾಟಲಿ, ಸಿರಿಂಜು ತಂದೆ. ಮಗು 12 ಕೆಜಿ. ಕೆಜಿಗೆ 15 ಮಿಲಿಗ್ರಾಂ ಅಂದರೆ 180. ಬಾಟಲಿಯ ಮೇಲೆ 5 ಎಂಎಲ್‌ಗೆ 120 ಅಂತ ಇದೆ. ಅವರು ಸಿರಿಂಜನ್ನು ಬೆಳಕಿಗೆ ಹಿಡಿದು ಏಳೂವರೆ ಎಂಎಲ್ ಗೆರೆಗೆ ಎಳೆದು ತೋರಿಸಿದರು. ಲೆಕ್ಕ ಅವರಿಗೆ ಬರುತ್ತಿತ್ತು. ಅಡ್ಡ ಬಂದಿದ್ದು ಪ್ರಶ್ನೆಯಲ್ಲಿದ್ದ ಉದ್ದುದ್ದ ಇಂಗ್ಲಿಷ್ ವಾಕ್ಯ.

ಇಂಜೆಕ್ಷನ್ ವಿಷಯದಲ್ಲಿ ನಾನೇ ಅವರಿಂದ ಕಲಿತೆ. ಇಲ್ಲಿನ ಮಕ್ಕಳಲ್ಲಿ ರುಮ್ಯಾಟಿಕ್ ಜ್ವರ ಜಾಸ್ತಿ. ಗಂಟಲು ಅಥವಾ ಚರ್ಮದ ಸೋಂಕಿನಿಂದ ಶುರುವಾಗಿ ಹೃದಯದ ಕವಾಟವನ್ನೇ ಹಾಳು ಮಾಡುವ ಕಾಯಿಲೆ. ಅದು ಮರುಕಳಿಸದಂತೆ ವರ್ಷಗಟ್ಟಲೆ, 28 ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚಬೇಕು. ಆ ಔಷಧಿ ಮಂದ, ತುಂಬಾ ನೋವು. ಮಕ್ಕಳು ತಪ್ಪಿಸಿಕೊಂಡು ಓಡುತ್ತಾರೆ. ಇವರು ಫ್ರಿಜ್‌ನಿಂದ ತೆಗೆದ ಸಿರಿಂಜನ್ನು ಅಂಗೈಗಳ ನಡುವೆ ಉರುಳಿಸುತ್ತಾ ಬಿಸಿ ಮಾಡುವರು. ಅಷ್ಟು ಹೊತ್ತೂ ಹುಡುಗನ ಅಜ್ಜಿಯ ಜೊತೆ ಅವರ ಭಾಷೆಯಲ್ಲೇ ಮಾತು. ಆಮೇಲೆ ಜಾಗವನ್ನು ಬೆರಳಿಂದ ಗಟ್ಟಿಯಾಗಿ ಒತ್ತಿ ಹಿಡಿದು, ನಿಧಾನಕ್ಕೆ ಚುಚ್ಚುವರು. ಇದನ್ನು ನೋಡಿಯೇ ಕೌಶಲದ ಹಾಳೆಗೆ ಸಹಿ ಹಾಕಿದೆ. ಇದಕ್ಕಾಗಿ ಬೇರೆ ಪರೀಕ್ಷೆ ಯಾಕೆ ಬೇಕು?

ಊರಲ್ಲಿ ಸಾವಾದರೆ ವಾರಗಟ್ಟಲೆ ಶೋಕದ ಕಟ್ಟಳೆಗಳಿರುತ್ತವೆ. ಆಗ ತರಗತಿಗೆ ಬರಲಾಗುವುದಿಲ್ಲ. ಇದನ್ನು ಗೈರುಹಾಜರಿ ಅಂತ ಬರೆಯುವ ಕಡೆ ಜನ ಕೋರ್ಸ್ ಬಿಟ್ಟುಬಿಡುತ್ತಾರೆ. ನಾವು ಬ್ಲಾಕ್ ತರಗತಿಗಳ (ಕೆಲವು ದಿನ ಒಟ್ಟಿಗೆ ನಡೆಸುವ ಪಾಠಗಳ) ನಡುವೆ ಬಿಡುವು ಇಟ್ಟುಕೊಂಡೆವು. ಓದುವ ಗಂಟೆಗಳಿಗೂ ಸಂಬಳ ಕೊಡಿಸಿದೆವು. ಗಂಡಸರ ವಿಷಯ ಗಂಡಸರೇ, ಹೆಂಗಸರ ವಿಷಯ ಹೆಂಗಸರೇ ನೋಡಬೇಕು ಎಂಬುದು ಇಲ್ಲಿನ ಪದ್ಧತಿ. ಆದ್ದರಿಂದ ಕ್ಲಿನಿಕ್‌ಗೆ ಇಬ್ಬರೂ ಬೇಕು. ಗಂಡಸರು ಸಿಗುವುದೇ ಕಷ್ಟ, ಅವರನ್ನು ಕರೆತರುವ ಕೆಲಸ ಇನ್ನೂ ನಡೆದಿದೆ.

ನನಗೆ ಸಂಕಟವಾಗುವುದು ಕೋರ್ಸ್ ಮುಗಿದ ಮೇಲೆ. ನೋಂದಣಿಯಾದ ಪ್ರಾಕ್ಟೀಷನರ್‌ಗೆ ಕಾರಿನ ಕೀಲಿ ಕೊಟ್ಟು 'ಆ ರೋಗಿಯನ್ನು ಕರ್ಕೊಂಡು ಬಾ' ಅನ್ನುವ ಕ್ಲಿನಿಕ್ ನೋಡಿದ್ದೇನೆ. ದಿನವಿಡೀ ಡ್ರೈವರ್, ದುಭಾಷಿ. ಆರು ವಾರದ ಮಟ್ಟಿಗೆ ಬಂದು ಹೋಗುವ ನರ್ಸ್‌ಗೆ ಕೆಲಸದ ಜೊತೆ ಮನೆಯೂ ಸಿಗುತ್ತದೆ. ಅದೇ ಊರಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಹತ್ತಾರು ಜನರಿರುವ ಮನೆಯಲ್ಲಿ ರಾತ್ರಿ ಓದಿ ಅಂದರೆ ಹೇಗೆ ಓದುತ್ತಾರೆ?

ಹಾಗಾಗಿ ನಾನು ಮೊದಲು ಹಿಡಿದದ್ದು ರೋಸ್ಟರ್, ಅಂದರೆ ಯಾರಿಗೆ ಯಾವ ಕೆಲಸ ಅನ್ನುವ ಡ್ಯೂಟಿ ಪಟ್ಟಿ. ಪ್ರತಿ ಪ್ರಾಕ್ಟೀಷನರ್‌ಗೂ ಅವರದೇ ರೋಗಿಗಳ ಪಟ್ಟಿ, ಅವರದೇ ಕೋಣೆ. ಹೆಲ್ತ್ ಚೆಕ್ ಆದ ಮೇಲಿನ ಫಾಲೋಅಪ್ ಭೇಟಿಗಳನ್ನು ಅವರ ಹೆಸರಲ್ಲೇ ಬುಕ್ ಮಾಡಿಸುತ್ತೇನೆ. ಈ ಭೇಟಿಗಳಿಗೆ ಮೆಡಿಕೇರ್ (ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಹಣ ಕೊಡುವುದರಿಂದ ಮ್ಯಾನೇಜರ್‌ಗಳನ್ನು ಒಪ್ಪಿಸುವುದೂ ಸುಲಭವಾಯಿತು. ಕೌಶಲ ಹೆಚ್ಚಿದ ಹಾಗೆ ಸಂಬಳದ ದರ್ಜೆಯೂ ಏರಬೇಕು ಅಂತ ಕಾಗದದಲ್ಲಿ ಬರೆಸಿಕೊಂಡಿದ್ದೇವೆ. ಮನೆಯ ವಿಷಯಕ್ಕೆ ಈಗಲೂ ಪತ್ರ ಬರೆಯುತ್ತಲೇ ಇದ್ದೇನೆ.

ಸಿರಿಂಜು ಬೆಳಕಿಗೆ ಹಿಡಿದವರು ಈಗ ಡಿಪ್ಲೊಮಾ ಓದುತ್ತಿದ್ದಾರೆ. ಹೊರಗಿನಿಂದ ಬರುವ ಹೊಸ ನರ್ಸ್‌ಗಳಿಗೆ ಮೊದಲ ವಾರದ ಡ್ಯೂಟಿಯನ್ನು ಅವರ ಕೈಕೆಳಗೇ ಹಾಕುತ್ತೇನೆ.