ನೆಲಬೇವಿನ ಸಾರವನ್ನು ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಡುವ ಮುನ್ನ

ತುಮಕೂರಿನ ಎಂ.ಎಸ್ಸಿ ವಿದ್ಯಾರ್ಥಿಯೊಬ್ಬರು ನೆಲಬೇವಿನ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದಾರೆ ಎನ್ನಿ. ಅದರ ಕಹಿಗೆ ಕಾರಣವಾದ ಆಂಡ್ರೋಗ್ರಾಫೋಲೈಡ್ ತಮ್ಮ ಸಾರದಲ್ಲಿದೆ ಎಂದು ತೋರಿಸಲು ಅಣುಗಳ ದ್ರವ್ಯರಾಶಿಯನ್ನು ಅಳೆಯುವ ಯಂತ್ರವಾದ ಮಾಸ್ ಸ್ಪೆಕ್ಟ್ರೋಮೀಟರ್ (ಎಂಎಸ್) ಬೇಕು. ಅದು ಸ್ವಂತ ವಿಭಾಗದಲ್ಲೇ ಇರಬೇಕಿಲ್ಲ. ಸಂಶೋಧನಾ ಉಪಕರಣಗಳನ್ನು ಹಂಚಿಕೊಳ್ಳಲು 2020ರಲ್ಲಿ ಆರಂಭವಾದ ಸರ್ಕಾರಿ ಜಾಲತಾಣ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಹುಡುಕಿದರೆ ಬೆಂಗಳೂರಿನ ಪ್ರಯೋಗಾಲಯಗಳ ಉಪಕರಣಗಳೂ ಸಿಗುತ್ತವೆ. ಹೊರಗಿನವರು ಶುಲ್ಕ ಕಟ್ಟಿ ಸಮಯ ಕಾಯ್ದಿರಿಸಬಹುದು.

ಅರ್ಜಿಯಲ್ಲಿ ಯಾವ ಯಂತ್ರವೆಂದು ಸ್ಪಷ್ಟವಾಗಿ ಬರೆಯಿರಿ. ಸುಲಭವಾಗಿ ಆವಿಯಾಗುವ ಸುಗಂಧ ತೈಲಗಳಿಗೆ ಜಿಸಿ-ಎಂಎಸ್, ಕೊಳವೆಬಾವಿ ನೀರಿನ ಲೋಹಗಳಿಗೆ ಐಸಿಪಿ-ಎಂಎಸ್. ನೆಲಬೇವಿಗೆ ಬೇಕಾದದ್ದು, ದ್ರವದಲ್ಲಿ ಕರಗಿದ ಅಣುಗಳನ್ನು ಕಾಲಂ ಎಂಬ ಕೊಳವೆಯಲ್ಲಿ ಬೇರ್ಪಡಿಸಿ ಅಳೆಯುವ ಎಲ್‌ಸಿ-ಎಂಎಸ್.

ನಿಜವಾದ ಕೆಲಸವಿರುವುದು ಮಾದರಿಯ ತಯಾರಿಯಲ್ಲಿ. ನೆರಳಿನಲ್ಲಿ ಒಣಗಿಸಿದ ಎಲೆಯನ್ನು ಪುಡಿ ಮಾಡಿ, ಎಲ್‌ಸಿ-ಎಂಎಸ್ ದರ್ಜೆಯ ಮೆಥನಾಲ್‌ನಲ್ಲಿ ನೆನೆಸಿ ಸೋಸಿ. ಕಡುಹಸಿರು ಸಾರವನ್ನು ಹಾಗೆಯೇ ಕೊಡಬೇಡಿ, ಯಂತ್ರದ ಒಳಭಾಗ ಕೊಳೆಯಾಗುತ್ತದೆ. ಮಿಲಿಲೀಟರಿಗೆ ಸುಮಾರು 10 ಮೈಕ್ರೋಗ್ರಾಂಗೆ ತೆಳುಗೊಳಿಸಿ, 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್‌ನಲ್ಲಿ ಹಾಯಿಸಿ, ಗಾಜಿನ ವಯಲ್‌ಗೆ ತುಂಬಿ. ಫಾಸ್ಫೇಟ್ ಬಫರ್ ಬೇಡವೇ ಬೇಡ. ಆ ಲವಣ ಆವಿಯಾಗದೆ, ಅಣುಗಳಿಗೆ ವಿದ್ಯುದಾವೇಶ ಕೊಡುವ ಭಾಗವಾದ ಅಯಾನು ಮೂಲದಲ್ಲಿ ಕಟ್ಟಿಕೊಳ್ಳುತ್ತದೆ. ಪ್ಲಾಸ್ಟಿಕ್‌ನಿಂದ ಇಳಿದ ಥಾಲೇಟ್ ಎಂಬ ರಾಸಾಯನಿಕ, ಯಂತ್ರ ಕೊಡುವ ನಕ್ಷೆಯಲ್ಲಿ ದ್ರವ್ಯರಾಶಿ 149ರಲ್ಲಿ ಪೀಕ್ (ಶಿಖರ) ಕೊಡುತ್ತದೆ. 44ರ ಅಂತರದಲ್ಲಿ ಸಾಲುಗಟ್ಟಿದ ಪೀಕ್‌ಗಳು ಕಂಡರೆ, ಪಾತ್ರೆ ತೊಳೆದ ಡಿಟರ್ಜೆಂಟ್ ಪೂರ್ತಿ ಹೋಗಿಲ್ಲವೇನೋ ಎಂದು ಮೊದಲು ಅನುಮಾನಿಸಿ. ಅದಕ್ಕಾಗಿಯೇ ಎಲೆಯೊಂದನ್ನು ಬಿಟ್ಟು ಉಳಿದೆಲ್ಲ ಹಂತಗಳನ್ನು ದಾಟಿಸಿದ ಮೆಥನಾಲನ್ನು ಬ್ಲ್ಯಾಂಕ್ (ಹೋಲಿಕೆಗೆ ಇಡುವ ಖಾಲಿ ಮಾದರಿ) ಆಗಿ ಜೊತೆಯಲ್ಲಿ ಕೊಡಿ. ಹಣ ಉಳಿಸಲು ಇದನ್ನು ಕೈಬಿಡುವವರಿದ್ದಾರೆ. ಬ್ಲ್ಯಾಂಕ್ ಇಲ್ಲದ ಫಲಿತಾಂಶವನ್ನು ನಾನಂತೂ ನಂಬುವುದಿಲ್ಲ.

ಮೆಥನಾಲ್ ವಿಷಕಾರಿ, ಬೇಗ ಹೊತ್ತಿಕೊಳ್ಳುತ್ತದೆ, ಬಸ್ಸಿನಲ್ಲಿ ಒಯ್ಯಬಾರದು. ಸಾರವನ್ನು ಒಣಗಿಸಿ ಒಯ್ದು, ತೆಳುಗೊಳಿಸುವುದು, ಸೋಸುವುದನ್ನೆಲ್ಲ ಯಂತ್ರವಿರುವ ಪ್ರಯೋಗಾಲಯದಲ್ಲೇ ಮಾಡಿ. ವಯಲ್ ಮೇಲಿನ ಬರಹ ಮೆಥನಾಲ್ ತಾಗಿದರೆ ಅಳಿಸಿಹೋಗುತ್ತದೆ, ಪೆನ್ಸಿಲ್‌ನಲ್ಲಿ ಬರೆದ ಚೀಟಿ ಅಂಟಿಸಿ.

ಫಲಿತಾಂಶ ಬಂದಾಗ ತಾಳ್ಮೆಯಿಂದ ಓದಿ. ಆಂಡ್ರೋಗ್ರಾಫೋಲೈಡ್‌ನ ದ್ರವ್ಯರಾಶಿ 350.2. ಪ್ರೋಟಾನ್ ಸೇರಿ 351.2ರಲ್ಲಿ ಕಾಣಬೇಕಲ್ಲವೇ? ಆದರೆ ಅಲ್ಲಿ ಪೀಕ್ ತೀರಾ ಚಿಕ್ಕದಾಗಿರಬಹುದು. ಈ ಅಣು ಸುಲಭವಾಗಿ ನೀರು ಕಳೆದುಕೊಂಡು 333.2ರಲ್ಲಿ, ಸೋಡಿಯಂ ಅಂಟಿಸಿಕೊಂಡು 373.2ರಲ್ಲಿ ಕಾಣಿಸಿಕೊಳ್ಳುತ್ತದೆ. ‘ಸಿಗಲಿಲ್ಲ’ ಎಂದು ಬರೆಯುವ ಮುನ್ನ ಈ ಎರಡು ಜಾಗ ನೋಡಿ.

ಸಿಕ್ಕಿತು ಎಂದು ಬರೆಯುವುದಕ್ಕೂ ಅಷ್ಟೇ ಸಾಲದು. ಅದೇ ದ್ರವ್ಯರಾಶಿಯ ಬೇರೆ ಅಣುಗಳೂ ಇರುತ್ತವೆ. ಶುದ್ಧ ಆಂಡ್ರೋಗ್ರಾಫೋಲೈಡ್ ಮಾರುಕಟ್ಟೆಯಲ್ಲಿ ದೊರೆಯುತ್ತದೆ. ಅದನ್ನು ಅದೇ ದಿನ, ಅದೇ ಕಾಲಂನಲ್ಲಿ ಓಡಿಸಲು ಕೇಳಿ. ಎರಡೂ ಒಂದೇ ಸಮಯಕ್ಕೆ ಹೊರಬಂದು, ಒಡೆದಾಗ ಒಂದೇ ಬಗೆಯ ಚೂರುಗಳನ್ನು ಕೊಟ್ಟರೆ ಹೆಸರನ್ನು ಧೈರ್ಯವಾಗಿ ಬರೆಯಿರಿ.