ಕಠ್ಮಂಡುವನ್ನು ಗೈಡ್ ಜೊತೆ ನಡೆದು ನೋಡುವುದು ಹೇಗೆ?

ಕಠ್ಮಂಡು ಕಣಿವೆಯ ಏಳು ಸ್ಮಾರಕ ಆವರಣಗಳನ್ನು ಯುನೆಸ್ಕೊ 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದೇ ದಿನದಲ್ಲಿ ಇವುಗಳಲ್ಲಿ ಐದಾರನ್ನು ಕಾರಿನಲ್ಲಿ ಸುತ್ತಿಸಿಬಿಡುವ ಪ್ಯಾಕೇಜುಗಳಿಗೆ ಕೊರತೆಯಿಲ್ಲವಾದರೂ ಅವನ್ನು ಬಿಟ್ಟುಬಿಡುವುದೇ ಲೇಸು. ಒಂದೇ ದೇವರನ್ನು ಹಿಂದೂಗಳು ಒಂದು ಹೆಸರಿನಿಂದಲೂ ಬೌದ್ಧರು ಇನ್ನೊಂದು ಹೆಸರಿನಿಂದಲೂ ಪೂಜಿಸುವ ನೇವಾರ ಸಮುದಾಯದ ಬದುಕೇ ಈ ನಗರದ ನಿಜವಾದ ಸಂಸ್ಕೃತಿ. ಅದು ಓಣಿಗಳ ಒಳಗಿನ ಅಂಗಳಗಳಲ್ಲಿದೆ, ಅಲ್ಲಿಗೆ ಕಾರು ಹೋಗುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಗೈಡ್ ಆಯ್ಕೆ. ನೇಪಾಳದ ಪ್ರವಾಸೋದ್ಯಮ ಇಲಾಖೆಯ ಪರವಾನಗಿ ಕಾರ್ಡು ಇರುವವರನ್ನೇ ಗೊತ್ತುಮಾಡಿಕೊಳ್ಳಿ. ಹಳೆಯ ಪೇಟೆಯಲ್ಲೇ ಬೆಳೆದ ನೇವಾರರು ಸಿಕ್ಕರೆ ಇನ್ನೂ ಒಳ್ಳೆಯದು. ಹಿಂದಿ ಅಥವಾ ಇಂಗ್ಲಿಷ್ ಬಲ್ಲವರು ಸುಲಭವಾಗಿ ಸಿಗುತ್ತಾರೆ. ಶುಲ್ಕ ಭಾರತದ ರೂಪಾಯಿಯಲ್ಲೋ ನೇಪಾಳದ ರೂಪಾಯಿಯಲ್ಲೋ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು, ಏಕೆಂದರೆ ನಮ್ಮ 100 ರೂಪಾಯಿ ಅಲ್ಲಿನ 160 ರೂಪಾಯಿಗೆ ಸಮ. ಅಲ್ಲಿನ ಸಮಯಕ್ಕೆ ಹೊಂದುವಂತೆ ಗಡಿಯಾರವನ್ನೂ 15 ನಿಮಿಷ ಮುಂದಿಟ್ಟುಕೊಳ್ಳಿ.

ನಡಿಗೆಯನ್ನು ಬಾಗ್ಮತಿ ನದಿಯಾಚೆಯ ಪಾಟನ್ ನಗರದಿಂದ ಆರಂಭಿಸುವುದು ನನ್ನ ಸಲಹೆ. ಅಲ್ಲಿನ ಹಳೆಯ ಅರಮನೆಯೊಳಗಿನ ಮ್ಯೂಸಿಯಂ ವಿಗ್ರಹಗಳ ಮುದ್ರೆ, ಆಯುಧ, ವಾಹನಗಳನ್ನು ಗುರುತಿಸುವ ಬಗೆಯನ್ನು ವಿವರವಾಗಿ ತಿಳಿಸುತ್ತದೆ. ಆ ಪಾಠ ಮುಂದಿನ ದಿನಗಳಲ್ಲಿ ಹೆಜ್ಜೆಹೆಜ್ಜೆಗೂ ಉಪಯೋಗಕ್ಕೆ ಬರುತ್ತದೆ. ಅರಮನೆಯ ಎದುರಿಗೇ ಪಾಟನ್ ದೊರೆ ಸಿದ್ಧಿನರಸಿಂಹ ಮಲ್ಲ 1637ರಲ್ಲಿ ಕಟ್ಟಿಸಿದ ಕೃಷ್ಣ ಮಂದಿರವಿದೆ. ಸುತ್ತಲಿನ ಕೇರಿಗಳಲ್ಲಿ ಮೇಣದ ಅಚ್ಚಿಗೆ ಮಣ್ಣು ಮೆತ್ತಿ, ಮೇಣ ಕರಗಿಸಿ, ಲೋಹ ಎರೆಯುವ ಕುಶಲಕರ್ಮಿಗಳ ಮನೆಗಳಿವೆ. ಒಂದಾದರೂ ಕಾರ್ಯಾಗಾರವನ್ನು ತೋರಿಸುವಂತೆ ಗೈಡನ್ನು ಕೇಳಿ, ಆದರೆ ಕೊಳ್ಳುವ ಒತ್ತಾಯ ಇರಬಾರದೆಂದು ಮುಂಚಿತವಾಗಿಯೇ ತಿಳಿಸಿಬಿಡಿ.

ಎರಡನೆಯ ದಿನ ಬೆಳಗ್ಗೆ ಬೇಗನೆ, ಅಂಗಡಿಗಳು ತೆರೆಯುವ ಹೊತ್ತಿಗೆ, ಆರು ದಾರಿಗಳು ಕೂಡುವ ಅಸನ್ ಪೇಟೆಯಿಂದ ಹೊರಟು ಇಂದ್ರ ಚೌಕದ ಮೂಲಕ ಹನುಮಾನ್ ಢೋಕಾ ಅರಮನೆಯವರೆಗೆ ನಡೆಯಿರಿ. ನಡುವೆ ಬರುವ ಜನ ಬಹಾಲ್ ಎಂಬ ಅಂಗಳದಲ್ಲಿ ಅವಸರ ಬೇಡ. ಅಲ್ಲಿನ ಬಿಳಿಮುಖದ ದೇವರು ಹಿಂದೂಗಳಿಗೆ ಸೇತೋ ಮಚ್ಛಿಂದ್ರನಾಥ, ಬೌದ್ಧರಿಗೆ ಕರುಣಾಮಯ ಲೋಕೇಶ್ವರ. ಮಂಗಳೂರಿನ ಕದ್ರಿಯಲ್ಲಿ ಆಳುಪ ದೊರೆ ಕುಂದವರ್ಮನ ಕಾಲದ, 968ರ ಶಾಸನವಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು ಕಂಡವರಿಗೆ, ಅಲ್ಲಿನ ಜೋಗಿಮಠದ ಮತ್ಸ್ಯೇಂದ್ರನಾಥರ ಪರಂಪರೆಯನ್ನು ಕೇಳಿಬಲ್ಲವರಿಗೆ ಈ ಜೋಡಿ ಹೆಸರು ಅಪರಿಚಿತವೆನಿಸದು. ಬೆಳಗಿನ ಪೂಜೆಯಲ್ಲಿ ಯಾರು ಏನು ಅರ್ಪಿಸುತ್ತಾರೆ, ಅರ್ಚಕರು ಯಾವ ಕುಲದವರು ಎಂದೆಲ್ಲ ಗೈಡನ್ನು ಕೇಳಬೇಕಾದದ್ದು ಇಲ್ಲಿಯೇ.

ಹನುಮಾನ್ ಢೋಕಾದ ಬಳಿ ಕಠ್ಮಂಡುವಿನ ದೊರೆ ಜಯಪ್ರಕಾಶ ಮಲ್ಲ 1757ರಲ್ಲಿ ಕಟ್ಟಿಸಿದ ಕುಮಾರಿ ಮನೆಯಿದೆ. ಬೌದ್ಧ ಶಾಕ್ಯ ಕುಲದ ಪುಟ್ಟ ಹುಡುಗಿಯನ್ನು ಇಲ್ಲಿ ತಲೇಜು ದೇವಿಯ ರೂಪವಾಗಿ ಪೂಜಿಸುತ್ತಾರೆ. ಆಕೆ ಕಿಟಕಿಯಲ್ಲಿ ಕಾಣಿಸಿಕೊಂಡರೆ ಫೋಟೊ ತೆಗೆಯುವಂತಿಲ್ಲ, ಫೋನನ್ನು ಜೇಬಿನಲ್ಲಿಡಿ. ಅಲ್ಲಿನ ಚೌಕದ ಕಾಷ್ಠಮಂಡಪವೆಂಬ ಮರದ ಮಂಟಪ 2015ರ ಏಪ್ರಿಲ್ 25ರ ಭೂಕಂಪದಲ್ಲಿ ಕುಸಿದು ಮತ್ತೆ ಎದ್ದು ನಿಂತಿದ್ದು, ಅದರ ಮರಗೆಲಸವನ್ನು ನಿಧಾನವಾಗಿ ನೋಡಬೇಕು.

ಊಟಕ್ಕೆ ನೇವಾರ ಹೋಟೆಲನ್ನೇ ಆರಿಸಿಕೊಳ್ಳಿ. ಸಮಯ್ ಬಜಿ ಎಂಬ ಅವಲಕ್ಕಿ ತಟ್ಟೆಯಲ್ಲಿ ಎಮ್ಮೆ ಮಾಂಸ ಸಾಮಾನ್ಯವಾದ್ದರಿಂದ ಸಸ್ಯಾಹಾರಿಗಳು ಮೊದಲೇ ಹೇಳಬೇಕು. ಬೇಳೆ ರುಬ್ಬಿ ಮಾಡುವ ಬಾರಾ ಅವರಿಗೆ ಒಗ್ಗುತ್ತದೆ. ಅಕ್ಕಿಹಿಟ್ಟಿನೊಳಗೆ ಬೆಲ್ಲದ ಹೂರಣ ತುಂಬಿ ಬೇಯಿಸುವ ಯೋಮರಿಯಂತೂ ನಮ್ಮ ಸಿಹಿಗಡುಬಿನ ಸೋದರಿಯೇ.

ಮೂರನೆಯ ದಿನದ ಮಧ್ಯಾಹ್ನದ ನಂತರ ಬೌದ್ಧನಾಥ ಸ್ತೂಪ, ಸಂಜೆಗೆ ಪಶುಪತಿನಾಥ ಎಂದು ಇಟ್ಟುಕೊಂಡರೆ ಅನುಕೂಲ. ಎರಡರ ನಡುವಿನ ದೂರ ಸುಮಾರು ಎರಡು ಕಿಲೋಮೀಟರ್. ಸ್ತೂಪವನ್ನು ಬಲಕ್ಕಿಟ್ಟುಕೊಂಡೇ ಸುತ್ತಬೇಕು. ಪಶುಪತಿನಾಥದ ಮುಖ್ಯ ಗುಡಿಯೊಳಗೆ ಚರ್ಮದ ವಸ್ತುಗಳಿಗೂ ಕ್ಯಾಮೆರಾಗಳಿಗೂ ಪ್ರವೇಶವಿಲ್ಲ. ಗರ್ಭಗುಡಿಯಲ್ಲಿ ಪೂಜಿಸುವ ಭಟ್ಟರನ್ನು ದಕ್ಷಿಣ ಭಾರತದಿಂದ, ಅದರಲ್ಲೂ ಹೆಚ್ಚಾಗಿ ಕರ್ನಾಟಕದಿಂದ, ಕರೆತರುವ ಪದ್ಧತಿ ಬಹುಕಾಲದ್ದು. ಸರದಿಯಲ್ಲಿ ನಿಂತಾಗ ಒಳಗಿನಿಂದ ಕನ್ನಡ ಕೇಳಿಬಂದರೆ ಬೆರಗಾಗಬೇಡಿ. ಆರ್ಯಘಾಟಿನ ಚಿತೆಗಳ ಚಿತ್ರ ತೆಗೆಯುವುದು ಶೋಕದಲ್ಲಿರುವವರಿಗೆ ನೋವು ತರುವ ಕೆಲಸ. ಗೈಡ್ ತಡೆಯದಿದ್ದರೂ ನಾವು ತಡೆದುಕೊಳ್ಳಬೇಕು. ಆರತಿಗೆ ನದಿಯ ಪೂರ್ವ ದಂಡೆಯ ಮೆಟ್ಟಿಲುಗಳಲ್ಲಿ ಮುಂಚಿತವಾಗಿ ಕುಳಿತರೆ ಜಾಗ ಸಿಗುತ್ತದೆ.

ಕುಮಾರಿಯ ರಥೋತ್ಸವವನ್ನೂ ನೋಡಬೇಕೆಂದಿದ್ದರೆ ಭಾದ್ರಪದದ ಇಂದ್ರಜಾತ್ರೆಗೆ ಪ್ರಯಾಣವನ್ನು ಹೊಂದಿಸಿಕೊಳ್ಳಿ. ಆ ವಾರ ಹಳೆಯ ಪೇಟೆ ಕಿಕ್ಕಿರಿದಿರುತ್ತದೆ, ಒಳ್ಳೆಯ ಗೈಡ್‌ಗಳಿಗೂ ಬೇಡಿಕೆ ಹೆಚ್ಚು. ಕೋಣೆಗಿಂತ ಮೊದಲು ಅವರನ್ನು ಕಾಯ್ದಿರಿಸಿ.