ಕಾಯಿಲ್ ಒಲೆಯ ರೋಧ ಅಳೆದು ದೋಷ ಪತ್ತೆ ಮಾಡುವ ಬಗೆ

ತೋರಣಗಲ್ಲಿನ ಬಾಡಿಗೆ ಕೋಣೆಗಳಲ್ಲಿರುವ ಕಾರ್ಮಿಕರಲ್ಲಿಯೂ ಬಳ್ಳಾರಿ, ರಾಯಚೂರುಗಳಲ್ಲಿ ಕೋಣೆ ಮಾಡಿಕೊಂಡು ಓದುವ ವಿದ್ಯಾರ್ಥಿಗಳಲ್ಲಿಯೂ ಕರೆಂಟಿನ ಕಾಯಿಲ್ ಒಲೆಯನ್ನು ನೆಚ್ಚಿಕೊಂಡವರಿದ್ದಾರೆ. ಇದರ ಕಾಯಿಲ್ ಅಂಗಡಿಯಲ್ಲಿ ಬಿಡಿಯಾಗಿ ಸಿಗುವುದರಿಂದ ಒಲೆ ಕಾಯದಿದ್ದ ಕೂಡಲೇ ಹೊಸ ಕಾಯಿಲ್ ತಂದು ಕೂರಿಸುವುದು ರೂಢಿ. ಆದರೆ ದೋಷ ಅನೇಕ ಸಲ ಕಾಯಿಲ್‌ನಲ್ಲಿರದೆ, ಅದರ ತುದಿಗಳನ್ನು ಬಿಗಿದ ಸ್ಕ್ರೂಗಳಲ್ಲಿರುತ್ತದೆ. ಅಲ್ಲಿ ಸರಿಪಡಿಸದೆ ಕಾಯಿಲ್ ಬದಲಿಸಿದರೆ ಹೊಸದೂ ಬೇಗನೆ ಹೋಗುತ್ತದೆ.

ಮಲ್ಟಿಮೀಟರ್ ಕೈಗೆತ್ತಿಕೊಳ್ಳುವ ಮೊದಲು ಕಾಯಿಲ್‌ನ ರೋಧ, ಅಂದರೆ ಕರೆಂಟಿನ ಹರಿವಿಗೆ ಅದು ಒಡ್ಡುವ ತಡೆ, ಎಷ್ಟು ಓಮ್ ಬರಬೇಕೆಂಬುದನ್ನು ಲೆಕ್ಕ ಹಾಕಿಕೊಳ್ಳಬೇಕು. ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ವ್ಯಾಟಿನಿಂದ ಭಾಗಿಸಿದರೆ ರೋಧ ಸಿಗುತ್ತದೆ. 230 ವೋಲ್ಟಿನಲ್ಲಿ 1000 ವ್ಯಾಟ್ ಕಾಯಿಲ್‌ಗೆ ಸುಮಾರು 53 ಓಮ್, 2000 ವ್ಯಾಟ್ ಕಾಯಿಲ್‌ಗೆ ಸುಮಾರು 26.5 ಓಮ್ ಇರಬೇಕು. ಕಾಯಿಲ್ ಮಾಡುವ ನಿಕ್ರೋಮ್ (ನಿಕಲ್-ಕ್ರೋಮಿಯಂ ಮಿಶ್ರಲೋಹ) ತಂತಿ ಕೆಂಪಗೆ ಕಾದಾಗಲೂ ಅದರ ರೋಧ ಶೇಕಡಾ 10ಕ್ಕಿಂತ ಹೆಚ್ಚು ಏರುವುದಿಲ್ಲವಾದ್ದರಿಂದ ತಣ್ಣಗಿರುವಾಗ ಅಳೆದ ಸಂಖ್ಯೆಯನ್ನೇ ನಂಬಬಹುದು.

ಅಳೆಯುವಾಗ ಪ್ಲಗ್ಗನ್ನು ಸಾಕೆಟ್ಟಿನಿಂದ ಪೂರ್ತಿ ಕಿತ್ತಿರಬೇಕು. ಸ್ವಿಚ್ ಆರಿಸಿದರೆ ಸಾಲದು. ಸಾಕೆಟ್ಟಿನ ವೈರಿಂಗ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ ಸ್ವಿಚ್ ಆರಿದ ಮೇಲೂ ತೆರೆದ ಕಾಯಿಲ್‌ನಲ್ಲಿ ಕರೆಂಟ್ ಹಾಗೆಯೇ ಉಳಿದಿರುತ್ತದೆ. ಮಲ್ಟಿಮೀಟರನ್ನು 200 ಓಮ್‌ಗೆ ತಿರುಗಿಸಿ, ಮೊದಲು ಅದರ ಎರಡು ಕಡ್ಡಿಗಳನ್ನೇ ಒಂದಕ್ಕೊಂದು ತಾಗಿಸಿದಾಗ ಬರುವ ಅಲ್ಪ ಸಂಖ್ಯೆಯನ್ನು ಗುರುತಿಟ್ಟುಕೊಂಡು ಮುಂದಿನ ಅಳತೆಗಳಿಂದ ಕಳೆಯಿರಿ. ಆಮೇಲೆ ಒಲೆಯ ಸ್ವಿಚ್ ಹಾಕಿದ ಸ್ಥಿತಿಯಲ್ಲಿಟ್ಟು ಪ್ಲಗ್ಗಿನ ಫೇಸ್ ಮತ್ತು ನ್ಯೂಟ್ರಲ್ ಪಿನ್ನುಗಳ ನಡುವೆ ಒಮ್ಮೆ, ಕಾಯಿಲ್‌ನ ಎರಡು ತುದಿಗಳ ನಡುವೆ ಮತ್ತೊಮ್ಮೆ ಅಳೆಯಿರಿ. ಕಾಯಿಲ್ ತುದಿಗಳಲ್ಲಿ ಸರಿಯಾದ ಸಂಖ್ಯೆ ಬಂದು ಪಿನ್ನುಗಳಲ್ಲಿ ಏನೂ ಬಾರದಿದ್ದರೆ ವೈರು, ಸ್ವಿಚ್ಚು ಅಥವಾ ಜೋಡಣೆ ಎಲ್ಲೋ ಕಡಿದಿದೆ ಎಂದರ್ಥ. ವೈರನ್ನು ಅಲುಗಾಡಿಸಿದಾಗ ಸಂಖ್ಯೆ ಕುಣಿದರೆ ಅಲ್ಲಿಯೇ ಸಡಿಲವಿದೆ.

ಮೀಟರಿಗೆ ಕಾಣದ ದೋಷವೊಂದಿದೆ ಮತ್ತು ಹೆಚ್ಚು ಹಾನಿ ಮಾಡುವುದು ಅದೇ. ಮೀಟರ್ ಹರಿಸುವ ಕರೆಂಟ್ ತೀರ ಅಲ್ಪವಾದ್ದರಿಂದ, ಸಡಿಲವಾಗಿ ಕಪ್ಪುಗಟ್ಟಿದ ಸ್ಕ್ರೂ ಕೂಡ ಅಳತೆಯಲ್ಲಿ ಚೆನ್ನಾಗಿರುವಂತೆಯೇ ತೋರಬಹುದು. 2000 ವ್ಯಾಟ್ ಒಲೆಯ ಜೋಡಣೆಯಲ್ಲಿ ಒಂದೇ ಓಮ್ ರೋಧ ಸೇರಿಕೊಂಡರೂ ಸುಮಾರು 70 ವ್ಯಾಟ್ ಶಾಖ ಆ ಪುಟ್ಟ ಸ್ಕ್ರೂವಿನಲ್ಲಿಯೇ ಹುಟ್ಟುತ್ತದೆ. ಆದ್ದರಿಂದ ಸ್ಕ್ರೂ, ವಾಷರ್ ಮತ್ತು ವೈರಿನ ತುದಿಗಳ ಬಣ್ಣವನ್ನು ಕಣ್ಣಿನಿಂದಲೇ ನೋಡಬೇಕು. ಕಪ್ಪಾದ ತಾಮ್ರವನ್ನು ಕತ್ತರಿಸಿ ಹೊಸ ತುದಿ ಬಿಡಿಸಿ, ವಾಷರ್ ಬದಲಿಸಿ ಬಿಗಿಯಾಗಿ ತಿರುಪಬೇಕು. ಸಾಕೆಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ: 2000 ವ್ಯಾಟ್ ಒಲೆ ಸುಮಾರು 8.7 ಆಂಪಿಯರ್ ಎಳೆಯುವುದರಿಂದ ಅದನ್ನು 6 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಲೇಬಾರದು.

ಅಳತೆ ಲೆಕ್ಕಕ್ಕಿಂತ ಕಡಿಮೆ ಬಂದರೆ ಸುರುಳಿಗಳು ಒಂದಕ್ಕೊಂದು ತಾಗಿವೆಯೇ ಎಂದು ನೋಡಿ. ಹಾಗಿಲ್ಲದಿದ್ದರೆ ಹಿಂದೆ ಯಾರೋ ಕಡಿದುಹೋದ ಕಾಯಿಲ್‌ನ ತುದಿಗಳನ್ನು ಹೊಸೆದು ಗಿಡ್ಡ ಮಾಡಿರುತ್ತಾರೆ. ಹತ್ತರಲ್ಲೊಂದು ಭಾಗ ಗಿಡ್ಡವಾದರೆ 2000 ವ್ಯಾಟಿನ ಕಾಯಿಲ್ ಸುಮಾರು 2220 ವ್ಯಾಟ್ ಎಳೆಯುತ್ತದೆ. ಒಮ್ಮೆ ಕಾದ ನಿಕ್ರೋಮ್ ಪೆಡಸಾಗಿರುವುದರಿಂದ ಹೊಸೆದ ಗಂಟು ಉಳಿಯುವುದಿಲ್ಲ. ಇಡೀ ಕಾಯಿಲ್ ಬದಲಿಸುವುದೇ ಸರಿ. ಹೊಸದನ್ನು ತೋಡಿನ ಉದ್ದಕ್ಕೆ ತಕ್ಕಂತೆ ಎಲ್ಲ ಕಡೆಯೂ ಸಮನಾಗಿ ಎಳೆದು ಕೂರಿಸಬೇಕು, ಏಕೆಂದರೆ ಸುರುಳಿಗಳು ಒತ್ತಾಗಿ ಉಳಿದ ಜಾಗ ಹೆಚ್ಚು ಕಾದು ಅಲ್ಲಿಯೇ ಮೊದಲು ಕಡಿಯುತ್ತದೆ.

ರೋಧ ಸರಿಯಿದ್ದೂ ಒಲೆ ಮಂಕಾಗಿದ್ದರೆ ಕಾಯಿಲ್ ಮುಟ್ಟಬೇಡಿ. ವೋಲ್ಟೇಜ್ 180ಕ್ಕೆ ಇಳಿದಾಗ 1000 ವ್ಯಾಟ್ ಕಾಯಿಲ್‌ನಿಂದ ಸುಮಾರು 610 ವ್ಯಾಟ್ ಮಾತ್ರ ಬರುತ್ತದೆ. ಅನ್ನ ಬೇಗ ಬೇಯಲಿ ಎಂದು ಈ ಸ್ಥಿತಿಯಲ್ಲಿ ಕಾಯಿಲ್ ಕತ್ತರಿಸಿ ಗಿಡ್ಡ ಮಾಡುವವರಿದ್ದಾರೆ; ವೋಲ್ಟೇಜ್ ಮರಳಿ 230 ಆದ ಕೂಡಲೇ ಆ ಕಾಯಿಲ್ ಮಿತಿಮೀರಿ ಕಾಯುತ್ತದೆ, ವೈರಿನ ಮೇಲೂ ಹೊರೆ ಬೀಳುತ್ತದೆ.

ಬಕೆಟ್ಟಿನಲ್ಲಿಡುವ ನೀರು ಕಾಯಿಸುವ ರಾಡಿಗೂ ಇದೇ ಲೆಕ್ಕ ಹೊಂದುತ್ತದೆ. 1500 ವ್ಯಾಟಿನದಕ್ಕೆ ಸುಮಾರು 35 ಓಮ್ ಬರಬೇಕು. ಕೊಪ್ಪಳ, ರಾಯಚೂರು ಕಡೆಯ ಗಡಸು ಬೋರ್ ನೀರಿನಲ್ಲಿ ರಾಡಿಗೆ ಬಿಳಿ ಪೊರೆ ಕಟ್ಟಿದರೆ ಶಾಖ ನೀರಿಗೆ ದಾಟದೆ ಒಳಗಿನ ತಂತಿ ಸುಡುತ್ತದೆ. ಪ್ಲಗ್ ಕಿತ್ತು, ರಾಡಿನ ಲೋಹದ ಭಾಗವನ್ನಷ್ಟೇ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಯಿಟ್ಟು ಪೊರೆ ಬಿಡಿಸಬಹುದು, ಚಾಕುವಿನಿಂದ ಕೆರೆಯಬಾರದು. ಫೇಸ್ ಅಥವಾ ನ್ಯೂಟ್ರಲ್ ಪಿನ್ನಿನಿಂದ ಲೋಹದ ಹೊರಕವಚಕ್ಕೆ ಮಲ್ಟಿಮೀಟರ್ ಯಾವ ಸಂಖ್ಯೆಯನ್ನು ತೋರಿಸಿದರೂ ಆ ರಾಡನ್ನು ಮತ್ತೆ ಬಳಸಬಾರದು. ಏನೂ ತೋರಿಸದಿದ್ದರೂ ಮುಟ್ಟಿದಾಗ ಜುಮ್ಮೆಂದ ಅನುಭವವಾಗಿದ್ದರೆ, ರಿವೈಂಡಿಂಗ್ ಅಂಗಡಿಯಲ್ಲಿ 500 ವೋಲ್ಟಿನ ಮೆಗ್ಗರ್ (ಕರೆಂಟ್ ಸೋರಿಕೆ ಪತ್ತೆ ಮಾಡುವ ಮೀಟರ್) ಹಚ್ಚಿಸಿ ನೋಡಬೇಕು. ಅದರಲ್ಲಿ 1 ಮೆಗಾಓಮ್‌ಗಿಂತ ಕಡಿಮೆ ಬಂದ ರಾಡು ಗುಜರಿಗೇ ಹೋಗಬೇಕು.